ಹ್ಯಾಟಿ ತಪ್ಪಿಸಿದ ಬೀಜಗಣಿತ

ಹ್ಯಾಟಿ ಕೌಪುವನ್ನು ಯಾರಾದರೂ ಹೊಗಳಿದರೆ ಅವಳು ಎದ್ದು ಹೋಗಿಬಿಡುತ್ತಾಳೆ. ಸಮುದ್ರದಂಚಿನ ನಮ್ಮ ಕೆಯೌಕಹ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು, ಕಾರಣ ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಚರ್ಚಿನ ಹೆಂಗಸರು, "ಎರಡು ಮಕ್ಕಳನ್ನ ಒಂದೇ ಸಮ ಸಾಕಿದ್ದೀಯಲ್ಲ ಹ್ಯಾಟಿ, ನಿನ್ನ ರಕ್ತ ಯಾವುದು, ತಂದು ಸಾಕಿದ್ದು ಯಾವುದು ಅಂತ ಗೊತ್ತೇ ಆಗಲ್ಲ" ಎಂದರೆ ಸಾಕು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎನ್ನುತ್ತಾಳೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಒಮ್ಮೆ ಪಾದ್ರಿಯೇ ಅವಳನ್ನು ಎಲ್ಲರೆದುರು ಕರೆದು ನಾಲ್ಕು ಒಳ್ಳೆಯ ಮಾತಾಡಲು ಹೊರಟ. ಕೈ ತೊಳೆಯಲು ಹೋದವಳು ಪ್ರಾರ್ಥನೆ ಮುಗಿದು ಜನ ಚೆದುರುವವರೆಗೂ ಹೊರಗೆ ಬರಲಿಲ್ಲ. ವಿನಯ ಎಂದುಕೊಂಡರು ಜನ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಹೊಗಳಿಕೆ ಅವಳಿಗೆ ಚುಚ್ಚುತ್ತದೆ, ಅಷ್ಟೇ.

ನಾನೂ ಹ್ಯಾಟಿಯೂ ಮಿಡ್ಲ್ ಸ್ಕೂಲಿನ ಅಡುಗೆಮನೆಯಲ್ಲಿ ಅಕ್ಕಪಕ್ಕ ನಿಂತು ಬಡಿಸುತ್ತಾ ಕೂದಲು ಹಣ್ಣು ಮಾಡಿಕೊಂಡವರು. ಅವಳದು ಅನ್ನ, ನನ್ನದು ಮಾಂಸ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳಿಗೆ ಕೋಪ ಬಂದದ್ದನ್ನು ನೋಡಿದವರು ಇಲ್ಲವೆನ್ನಬಹುದು. ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬಂದಿದೆ ಎಂಬುದು ಅದರ ನಡಿಗೆಯಲ್ಲೇ ಅವಳಿಗೆ ತಿಳಿಯುತ್ತಿತ್ತು. ಅಂಥ ಮಗುವಿನ ತಟ್ಟೆಗೆ ಕೇಳದೆ ಇನ್ನೊಂದು ಹಿಡಿ ಅನ್ನ ಬೀಳುತ್ತಿತ್ತು. ದೊಡ್ಡ ಆಳು, ದೊಡ್ಡ ನಗು. ಇಡೀ ಶಾಲೆಗೆ ಅವಳು ಆಂಟಿ ಹ್ಯಾಟಿ.

ಮನೆಯಲ್ಲಿ ಅವಳು ಟೂಟೂ, ಅಂದರೆ ಅಜ್ಜಿ. ಇಬ್ಬರು ಮೊಮ್ಮಕ್ಕಳು, ಒಂದೇ ವಯಸ್ಸಿನವರು, ಒಂದೇ ತರಗತಿಯವರು. ಕನೋಯೆ ಅವಳ ಮಗ ಡ್ಯಾರಿಲ್‌ನ ಮಗಳು. ಡ್ಯಾರಿಲ್ ದ್ವೀಪದಿಂದ ದ್ವೀಪಕ್ಕೆ ಸರಕು ದೋಣಿ ಎಳೆಯುವ ಟಗ್ ಹಡಗಿನಲ್ಲಿ ಹಗ್ಗದ ಕೆಲಸದವನು. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಸಮುದ್ರದಲ್ಲೇ. ಹುಡುಗಿಯ ತಾಯಿ ಹೊನೊಲುಲುವಿನಲ್ಲಿ ಬೇರೆ ಸಂಸಾರ ಕಟ್ಟಿಕೊಂಡಿದ್ದಾಳೆ. ಇನ್ನೊಬ್ಬ ಬ್ರಾನ್ಸನ್. ಹ್ಯಾಟಿಯ ತೀರಿಕೊಂಡ ತಂಗಿಯ ಮಗಳು ಇಲ್ಲಿನ ಎಷ್ಟೋ ಜನರ ಹಾಗೆ ಬಾಡಿಗೆ ಕಟ್ಟಲಾಗದೆ ಲಾಸ್ ವೇಗಸ್‌ಗೆ ಹೊರಟಾಗ ಮೂರು ವರ್ಷದ ಮಗನನ್ನು ಹ್ಯಾಟಿಯ ಸೊಂಟದ ಮೇಲೆ ಕೂರಿಸಿ ಹೋದಳು. ಅವನು ಹ್ಯಾಟಿಯ ಹಾನಾಯಿ ಮಗು. ಹಾಗೆ ಕೊಟ್ಟು ತೆಗೆದುಕೊಂಡು ಸಾಕುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು, ಅದಕ್ಕೆ ಕೋರ್ಟೂ ಬೇಡ, ಕಾಗದವೂ ಬೇಡ. ಒಂದೇ ಒಂದು ಕಟ್ಟಳೆ: ಸಾಕಿದ ಮಗುವಿಗೆ ತಾನು ಒಂದು ಕೂದಲೆಳೆ ಕಡಿಮೆ ಎಂದು ಎಂದೂ ಅನ್ನಿಸಬಾರದು.

ಹ್ಯಾಟಿ ಈ ಕಟ್ಟಳೆಯನ್ನು ಉಳಿದವರಿಗಿಂತ ಹೆಚ್ಚು ಬಿಗಿಯಾಗಿ ಹಿಡಿದಿದ್ದಳು. ಏಕೆಂದರೆ ಅವಳೇ ಹಾನಾಯಿ ಮಗುವಾಗಿ ಬೆಳೆದವಳು. ಅವಳನ್ನು ಸಾಕಿದ ದೊಡ್ಡಮ್ಮನಿಗೆ ಉಲುಲಾನಿ ಎಂಬ ಸ್ವಂತ ಮಗಳಿದ್ದಳು. ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಬಟ್ಟೆ. ಹನ್ನೆರಡು ತುಂಬಿದಾಗ ಉಲುಲಾನಿಯನ್ನು ಹೊನೊಲುಲುವಿನ ಒಳ್ಳೆಯ ವಸತಿಶಾಲೆಗೆ ಕಳುಹಿಸಿದರು. ಹ್ಯಾಟಿಯನ್ನು ಅಲ್ಲಿನ ಪ್ರವೇಶ ಪರೀಕ್ಷೆಗೂ ಕೂರಿಸಿರಲಿಲ್ಲ. ಹಾಗೆ ಮಾಡಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ವಿಮಾನ ನಿಲ್ದಾಣದವರೆಗೂ ಉಲುಲಾನಿಯ ಪೆಟ್ಟಿಗೆ ಹೊತ್ತು ನಡೆದವಳು ಹ್ಯಾಟಿ. "ಯಾರೂ ಒಂದು ಕೆಟ್ಟ ಮಾತು ಆಡ್ಲಿಲ್ಲ ಕಣೇ" ಎಂದು ಅವಳು ನನಗೆ ಹೇಳಿದ್ದುಂಟು. "ಅದೇ ನೋವು. ಬೈದಿದ್ರೆ ಜಗಳ ಆದ್ರೂ ಆಡ್ತಿದ್ದೆ."

ಇನ್ನು ನಮ್ಮ ಶಾಲೆಗಳ ಗಣಿತದ ವಿಷಯ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲನೆಯ ಬೀಜಗಣಿತ ಒಂದು ವರ್ಷ, ಆಮೇಲೆ ರೇಖಾಗಣಿತ ಒಂದು ವರ್ಷ, ಮತ್ತೆ ಎರಡನೆಯ ಬೀಜಗಣಿತ, ಅದರ ಮೇಲೆ ಕ್ಯಾಲ್ಕುಲಸ್‌ಗೆ ತಯಾರಿಯ ಒಂದು ವರ್ಷ, ಎಲ್ಲದರ ತುದಿಗೆ ಕ್ಯಾಲ್ಕುಲಸ್. ಎರಡು ಬೀಜಗಣಿತಗಳ ನಡುವೆ ತ್ರಿಕೋನಗಳನ್ನು ತಂದು ತುರುಕಿದ ಪುಣ್ಯಾತ್ಮ ಯಾರೋ, ಮೊದಲ ವರ್ಷ ಕಲಿತದ್ದನ್ನು ಮಕ್ಕಳು ಎರಡನೆಯ ವರ್ಷ ಸಲೀಸಾಗಿ ಮರೆಯಲಿ ಎಂದೇ ಮಾಡಿರಬೇಕು. ಒಂದನ್ನು ಮುಗಿಸದೆ ಮುಂದಿನದಕ್ಕೆ ಬಿಡುವುದಿಲ್ಲ. ಗಣಿತ ಐದು ವರ್ಷದ್ದು, ಹೈಸ್ಕೂಲು ನಾಲ್ಕೇ ವರ್ಷ. ಆದ್ದರಿಂದ ಕ್ಯಾಲ್ಕುಲಸ್ ಮುಟ್ಟಬೇಕಾದವರು ಮಿಡ್ಲ್ ಸ್ಕೂಲಿನ ಎಂಟನೆಯ ತರಗತಿಯಲ್ಲೇ ಬೀಜಗಣಿತ ಹಿಡಿಯಬೇಕು. ಯಾರು ಹಿಡಿಯಬಹುದು ಎಂದು ತೀರ್ಮಾನಿಸಲು ಏಳನೆಯ ತರಗತಿಯ ಕೊನೆಯಲ್ಲಿ ಒಂದು ಪರೀಕ್ಷೆ. ಆ ಬೆಳಗ್ಗೆ ಹೊಟ್ಟೆನೋವು ಬಂದ ಮಗುವಿಗೆ ಇಂಜಿನಿಯರಾಗುವ ದಾರಿ ಅರ್ಧ ಮುಚ್ಚಿತೆಂದೇ ಲೆಕ್ಕ. ಇದನ್ನು ಏರ್ಪಾಡು ಮಾಡಿದವರ ತಟ್ಟೆಗೆ ನಾನು ಬಡಿಸುವ ದಿನ ಬಂದರೆ ಬರೀ ಮೂಳೆ ಬಡಿಸುತ್ತೇನೆ.

ಕನೋಯೆಗೆ ಆ ದಾರಿ ಬೇಕಿತ್ತು. ಅವಳಿಗೆ ಟಗ್ ಹಡಗಿನ ಕ್ಯಾಪ್ಟನ್ ಆಗುವ ಹುಚ್ಚು. ಅಪ್ಪ ರಜೆಗೆ ಬಂದಾಗಲೆಲ್ಲ ಅವನ ಬೆನ್ನು ಹತ್ತಿ ಬಂದರಿಗೆ ಹೋಗುತ್ತಿದ್ದಳು. "ನೋಡು ಮಗಾ, ಹಗ್ಗ ಹಿಡಿಯೋನು ನೆನೀತಾನೆ, ಕ್ಯಾಪ್ಟನ್ನು ಒಳಗೆ ಕಾಫಿ ಕುಡೀತಾನೆ" ಎನ್ನುತ್ತಿದ್ದ ಡ್ಯಾರಿಲ್. ಹಡಗಿನ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜು ಅಮೆರಿಕದ ದೊಡ್ಡ ನೆಲದಲ್ಲಿ ಎಲ್ಲೋ ಇದೆಯೆಂದೂ, ಕ್ಯಾಲ್ಕುಲಸ್ ಓದಿದವರನ್ನು ಅಲ್ಲಿ ಮೊದಲು ಆರಿಸುತ್ತಾರೆಂದೂ ಅವನ ಕ್ಯಾಪ್ಟನ್ನೇ ಹುಡುಗಿಗೆ ಹೇಳಿದ್ದ. ಅವತ್ತಿನಿಂದ ಅವಳ ಬಾಯಲ್ಲಿ ಅದೇ ಮಾತು.

ಪರೀಕ್ಷೆಯಾಗಿ ವಾರ ಕಳೆದಿತ್ತು. ಆಗ ಮಕ್ಕಳ ತರಗತಿ ಗೊತ್ತುಮಾಡುವ ಸಲಹೆಗಾರ ಟೆಂಗನ್. ಒಳ್ಳೆಯ ಮನುಷ್ಯ, ಬೆನ್ನುಮೂಳೆಯೊಂದು ಕಡಿಮೆ. ಕಾಫಿಗೆಂದು ಅಡುಗೆಮನೆಯ ಹಿಂಬಾಗಿಲಿಗೆ ಬಂದವನು ಹ್ಯಾಟಿಗೆ ಫಲಿತಾಂಶ ಹೇಳಿದ. ನಾನು ಆಗ ಒಳಗೆ ಫ್ರೀಜರಿನಲ್ಲಿ ಕೋಳಿ ಹುಡುಕುತ್ತಿದ್ದೆ. ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ಎರಡು ವರ್ಷದ ಮೇಲೆ, ಹ್ಯಾಟಿಯ ಬಾಯಿಂದ.

"ಕನೋಯೆ ಪಾಸು. ಸುಮ್ನೆ ಪಾಸಲ್ಲ, ಇಡೀ ಶಾಲೆಗೇ ಮೇಲೆ" ಎಂದನಂತೆ ಟೆಂಗನ್. "ಬ್ರಾನ್ಸನ್... ಏನು ಹೇಳ್ಲಿ ಆಂಟಿ, ಅರ್ಧ ಪೇಪರಲ್ಲಿ ಲೆಕ್ಕ, ಇನ್ನರ್ಧದಲ್ಲಿ ದೋಣಿ ಬರೆದಿದ್ದಾನೆ. ದೋಣಿ ಚೆನ್ನಾಗಿದೆ."

"ಅಂದ್ರೆ ಇಬ್ರೂ ಬೇರೆ ಬೇರೆ ಕ್ಲಾಸು?"

"ಹೂಂ. ಅವಳು ಮೇಲಿನ ಗಣಿತಕ್ಕೆ, ಅವನು ಮಾಮೂಲಿಗೆ."

ಹ್ಯಾಟಿ ಅನ್ನದ ಸೌಟು ಕೆಳಗಿಟ್ಟಳು. ಸ್ವಂತ ಮೊಮ್ಮಗಳು ಮೇಲೆ, ಹಾನಾಯಿ ಮಗ ಕೆಳಗೆ. ಅವಳ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಇನ್ನೊಂದು ಆಸೆಯೂ ಇತ್ತು, ಅದನ್ನೂ ಅವಳು ನನ್ನಿಂದ ಮುಚ್ಚಿಡಲಿಲ್ಲ: ಕನೋಯೆ ಪಕ್ಕದಲ್ಲಿ ಕೂತರೆ ಬ್ರಾನ್ಸನ್ ಹೇಗೋ ದಡ ಸೇರುತ್ತಾನೆ, ಒಬ್ಬನೇ ಬಿಟ್ಟರೆ ಇಲ್ಲ.

"ಹುಡುಗಿಗೂ ಈಗ್ಲೇ ಬೇಡ ಬಿಡು" ಎಂದಳು. "ಒಂದು ವರ್ಷ ತಡ ಆದ್ರೆ ಏನೀಗ? ಇಬ್ರೂ ಒಟ್ಟಿಗೆ ಹತ್ಲಿ."

"ಅವಳಿಗೆ ಏನಂತ ಹೇಳೋದು?"

"ಏನೂ ಹೇಳ್ಬೇಡ."

ಮನೆಯವರು ಬೇಡ ಎಂದರೆ ನಾನು ಯಾರು ಎಂದು ಟೆಂಗನ್ ಕೈ ತೊಳೆದುಕೊಂಡ. ಹ್ಯಾಟಿಗೆ ಆ ಕ್ಷಣ ನಿಜಕ್ಕೂ ತಾನು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತಂತೆ. ಉಲುಲಾನಿಯ ಪೆಟ್ಟಿಗೆ ಹೊತ್ತ ಹುಡುಗಿಯ ಪರವಾಗಿ ನ್ಯಾಯ ಕೊಡಿಸಿದೆ ಅನ್ನಿಸಿತ್ತಂತೆ.

ಎರಡು ದಿನದ ಮೇಲೆ ತರಗತಿಯಲ್ಲಿ ಮೇಷ್ಟರು ಪಾಸಾದವರ ಹೆಸರು ಓದಿದರು. ಮಧ್ಯಾಹ್ನ ಕನೋಯೆ ತಟ್ಟೆ ಹಿಡಿದು ಸಾಲಿನಲ್ಲಿ ಬಂದಳು. ಅದು ನನ್ನ ಕಣ್ಣೆದುರೇ ನಡೆದದ್ದು. "ಟೂಟೂ, ನನ್ನ ಹೆಸರು ಬರ್ಲಿಲ್ಲ" ಎಂದಳು. ಅಳಲಿಲ್ಲ. ಹಿಂದೆ ನಿಂತಿದ್ದ ಬ್ರಾನ್ಸನ್, "ನಂದೂ ಬರ್ಲಿಲ್ಲ, ನಾನು ಅತ್ನಾ? ದಡ್ಡರ ಕ್ಲಾಸಲ್ಲಿ ಪಕ್ಕದ ಜಾಗ ನಿಂಗೇ ಹಿಡೀತೀನಿ ಬಾ" ಎಂದು ಅವಳ ಬೆನ್ನಿಗೆ ಗುದ್ದಿದ. ಹ್ಯಾಟಿ ಹುಡುಗಿಯ ತಟ್ಟೆಗೆ ಅನ್ನದ ಮೇಲೆ ಅನ್ನ ಹಾಕಿದಳು. "ಸಾಕು ಟೂಟೂ" ಎಂದರೂ ಹಾಕಿದಳು. ಪಾಪ, ಮೊಮ್ಮಗಳ ದುಃಖಕ್ಕೆ ಕರಗಿದಳು ಎಂದುಕೊಂಡೆ ನಾನು.

ಅಂದು ರಾತ್ರಿಯೇ ಹೇಳಿಬಿಡಬಹುದಿತ್ತು. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ನಾಡಿದ್ದು ಹೇಳಿದರೆ ಅದು ಇನ್ನೂ ದೊಡ್ಡದಾಗುತ್ತದೆ. ಹೀಗೆ ಎರಡು ವರ್ಷ ಹೋಯಿತು. ಈ ಎರಡು ವರ್ಷದಲ್ಲಿ ಕನೋಯೆ ತನಗೆ ಲೆಕ್ಕ ಬರುವುದಿಲ್ಲ ಎಂದು ನಂಬಿದಳು. ಕೊಟ್ಟ ಲೆಕ್ಕವನ್ನೆಲ್ಲ ಮಾಡುತ್ತಿದ್ದಳು, ನೂರಕ್ಕೆ ತೊಂಬತ್ತೆಂಟು ಬಂದರೆ, "ಇದು ಸುಲಭದ ಕ್ಲಾಸಲ್ವಾ" ಎನ್ನುತ್ತಿದ್ದಳು. ಸಂಜೆ ಅಡುಗೆಮನೆಯ ಮೇಜಿನಲ್ಲಿ ಬ್ರಾನ್ಸನ್‌ಗೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಹೇಳಿಕೊಡುತ್ತಿದ್ದಳು. ಹಾಗೆ ಅವನು ಒಂಬತ್ತನೆಯ ತರಗತಿಯ ಬೀಜಗಣಿತದವರೆಗೆ ಏಗಿಕೊಂಡು ಬಂದ. ಅಪ್ಪ ಫೋನ್ ಮಾಡಿದರೆ ಕನೋಯೆ ಹಡಗಿನ ಮಾತೇ ಎತ್ತುತ್ತಿರಲಿಲ್ಲ. ಒಮ್ಮೆ ಅವನೇ ಕೆದಕಿದ್ದಕ್ಕೆ, "ನಾನೂ ನಿನ್ ಥರ ಹಗ್ಗ ಹಿಡೀತೀನಿ ಬಿಡು ಡ್ಯಾಡ್, ಕಾಫಿ ನಂಗಿಷ್ಟ ಇಲ್ಲ" ಎಂದಳಂತೆ. ಡ್ಯಾರಿಲ್ ನಕ್ಕನಂತೆ. ಹ್ಯಾಟಿ ಹಿತ್ತಲಿಗೆ ಹೋಗಿ, ಒಣಗಿದ ಬಟ್ಟೆಯನ್ನು ತಂತಿಯಿಂದ ತೆಗೆದು ಮತ್ತೆ ಅದೇ ತಂತಿಗೆ ಹಾಕುತ್ತಾ ನಿಂತಳಂತೆ.

ಹೊಗಳಿದರೆ ಎದ್ದು ಹೋಗುವ ಅಭ್ಯಾಸ ಶುರುವಾದದ್ದು ಆಗಲೇ.

ಮಕ್ಕಳು ಹೈಸ್ಕೂಲಿನ ಮೊದಲ ವರ್ಷ ಮುಗಿಸುವ ಹೊತ್ತಿಗೆ ಅಲ್ಲಿನ ಸಲಹೆಗಾರ್ತಿ ಮಿಸ್ ಅಗ್ಬಯಾನಿ ಹ್ಯಾಟಿಯನ್ನು ಕರೆಸಿದಳು. ಹ್ಯಾಟಿಯ ಗಾಡಿ ಕೆಟ್ಟು ನಿಂತಿತ್ತು, ನಾನೇ ಕರೆದುಕೊಂಡು ಹೋದೆ. ಒಳಗೂ ಹೋದೆ. ಹೊರಗೆ ಬೆಂಚಿನ ಮೇಲೆ ಕಾಯುವ ಅಭ್ಯಾಸ ನನಗಿಲ್ಲ. ಅಗ್ಬಯಾನಿ ಹೊಸ ಹುಡುಗಿ, ಮಾತು ಚುರುಕು, ಕಣ್ಣು ಅದಕ್ಕಿಂತ ಚುರುಕು.

"ಕನೋಯೆ ಮುಂದಿನ ವರ್ಷ ಎರಡು ಗಣಿತ ಒಟ್ಟಿಗೆ ತಗೋಬೇಕು ಆಂಟಿ" ಎಂದಳು. "ರೇಖಾಗಣಿತ ಒಂದು ಪೀರಿಯಡ್ಡು, ಎರಡನೇ ಬೀಜಗಣಿತ ಇನ್ನೊಂದು ಪೀರಿಯಡ್ಡು. ಕಷ್ಟ, ಆದ್ರೆ ಅವಳ ಕೈಲಾಗುತ್ತೆ. ಹಾಗೆ ಮಾಡಿದ್ರೆ ಹನ್ನೆರಡನೇ ಕ್ಲಾಸಿಗೆ ಕ್ಯಾಲ್ಕುಲಸ್ ಸಿಗುತ್ತೆ. ಇದು ಕೊನೇ ಅವಕಾಶ. ಈ ವರ್ಷ ಬಿಟ್ರೆ ಆಯ್ತು, ಮತ್ತೆ ಹಿಡಿಯಕ್ಕಾಗಲ್ಲ."

"ತಗೊಳ್ಳಲಿ" ಎಂದಳು ಹ್ಯಾಟಿ.

"ಒಪ್ಪಲ್ಲ ಅಂತಾಳೆ! ನಕ್ಕುಬಿಟ್ಳು. 'ಮಿಸ್, ಏಳನೇ ಕ್ಲಾಸಿನ ಪರೀಕ್ಷೇಲೇ ಫೇಲಾದವಳು ನಾನು, ನಂಗೆ ಎರಡು ಗಣಿತ ಕೊಡ್ತೀರಾ' ಅಂದ್ಳು. ನಾನು ಹಳೇ ಫಲಿತಾಂಶ ತೆಗೆದು ನೋಡಿದೆ. ಅವಳು ಫೇಲಾಗಿಲ್ಲ."

ಹ್ಯಾಟಿ ನೆಲ ನೋಡುತ್ತಿದ್ದಳು. ಅಗ್ಬಯಾನಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. ನನಗೇನು ಗೊತ್ತು?

"ಶುಕ್ರವಾರ ಸಂಜೆಯೊಳಗೆ ಮಕ್ಕಳು ಕ್ಲಾಸು ಆರಿಸಬೇಕು" ಎಂದಳು ಅಗ್ಬಯಾನಿ, ಈಗ ಮೆತ್ತಗೆ. "ನಾನೇ ಹೇಳಬಹುದು. ಆದ್ರೆ ಇದು ಮನೆಯಿಂದ ಬಂದ್ರೆ ಒಳ್ಳೇದು ಅನ್ಸುತ್ತೆ."

ಕಾರಿನಲ್ಲಿ ಹ್ಯಾಟಿ ನನಗೆ ಎಲ್ಲವನ್ನೂ ಹೇಳಿದಳು. ನಾನು ಗಾಡಿ ರಸ್ತೆ ಬದಿಗೆ ಹಾಕಿ ನಿಲ್ಲಿಸಿ, ಬಾಯಿಗೆ ಬಂದ ಹಾಗೆ ಬೈದೆ. ಅವಳು ಒಂದಕ್ಕೂ ಎದುರಾಡಲಿಲ್ಲ. ಹಾಗೆ ಸುಮ್ಮನೆ ಕೂತವರನ್ನು ಬೈಯುವುದು ಬಲು ಕಷ್ಟ, ಬೇಗ ಸುಸ್ತಾಗುತ್ತದೆ.

"ಹೇಳು ಅವಳಿಗೆ. ಇವತ್ತೇ ಹೇಳು" ಎಂದೆ.

"ಅವಳಿಗೆ ಹೇಳಿದ್ರೆ ಅವನಿಗೂ ಗೊತ್ತಾಗುತ್ತೆ ಲೋರ್ನಾ. ಆ ಮನೇಲಿ ಒಬ್ರಿಗೆ ಹೇಳಿದ್ದು ಇನ್ನೊಬ್ರಿಗೆ ಗೊತ್ತಾಗದೆ ಇರುತ್ತಾ? ಅವನಿಗೋಸ್ಕರ ಅವಳನ್ನ ಕೆಳಗಿಳಿಸಿದೆ ಅಂತ ಹೇಗೆ ಹೇಳ್ಲಿ? ಯಾವುದು ಅವನಿಗೆ ಅನ್ನಿಸಬಾರದು ಅಂತ ಇಷ್ಟೆಲ್ಲ ಮಾಡಿದ್ನೋ ಅದನ್ನೇ ನನ್ನ ಬಾಯಾರೆ ಹೇಳಿದ ಹಾಗಾಗುತ್ತೆ."

"ಹೇಳ್ದಿದ್ರೆ ಅವಳ ಜನ್ಮ ಹಾಳು."

"ಗೊತ್ತು" ಎಂದಳು. "ನಾನು ಕಳ್ಳಿ, ಲೋರ್ನಾ. ನನ್ನ ಮಗೂದೇ ಕದ್ದೆ."

ಗುರುವಾರ ಮಧ್ಯಾಹ್ನ ಹ್ಯಾಟಿಯ ಮನೆಯ ಗ್ಯಾರೇಜಿನಲ್ಲಿ ಮೇಜು ಹಾಕಿ ಲೌಲೌ ಕಟ್ಟುತ್ತಿದ್ದೆವು. ಊರಿನ ದೋಣಿ ಕ್ಲಬ್ಬಿಗೆ ಹಣ ಕೂಡಿಸಲು ಮಾರುವಂಥದ್ದು, ಮರುದಿನಕ್ಕೆ ಕೊಡಬೇಕಿತ್ತು. ಹಂದಿ ಮಾಂಸ, ಉಪ್ಪು ಹಾಕಿದ ಮೀನು ಇಟ್ಟು ಕೆಸುವಿನ ಎಲೆಯಲ್ಲಿ ಸುತ್ತಿ, ಮೇಲೊಂದು ಅಗಲ ಎಲೆ ಸುತ್ತಿ ದಾರ ಕಟ್ಟುವುದು, ಆಮೇಲೆ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುವುದು. ಶಾಲೆ ಮುಗಿಸಿ ಬಂದ ಮಕ್ಕಳೂ ಕೈ ಜೋಡಿಸಿದರು. ಬ್ರಾನ್ಸನ್ ಕಟ್ಟಿದ್ದು ಒಂದೂ ನಿಲ್ಲುತ್ತಿರಲಿಲ್ಲ.

"ಏನೋ ಇದು, ಡಯಾಪರ್ ಕಟ್ಟಿದ ಹಾಗೆ ಕಟ್ಟಿದ್ದೀಯ" ಎಂದೆ.

"ಆಂಟಿ ಲೋರ್ನಾ, ಇದು ಹೊಸ ಮಾದರಿ. ತಾನೇ ಬಿಚ್ಚಿಕೊಳ್ಳುತ್ತೆ. ಜನ ದುಡ್ಡು ಜಾಸ್ತಿ ಕೊಡ್ತಾರೆ."

"ಪಕ್ಕದ ಮನೆಯಿಂದ ದೊಡ್ಡ ಪಾತ್ರೆ ತಗೊಂಡ್ ಬಾ ಹೋಗು" ಎಂದು ಹ್ಯಾಟಿ ಅವನನ್ನು ಕಳುಹಿಸಿದಳು. ಅವನು ಹೊರಟ ಕೂಡಲೇ ನನ್ನ ಕಡೆ ನೋಡಿದಳು. ನಾನು ಏಳಲು ಹೋದೆ. ಕೂತಿರು ಎಂಬಂತೆ ಕೈ ಮಾಡಿದಳು.

"ಕನೋಯೆ, ನಾಳೆ ಎರಡೂ ಗಣಿತ ಬರೆಸು."

"ಅಯ್ಯೋ ಟೂಟೂ, ಆ ಮಿಸ್ಸು ನಿನ್ ತಲೇನೂ ತಿಂದ್ಳಾ? ನನ್ ಕೈಲಾಗಲ್ಲ ಅಂದ್ನಲ್ಲ. ಪರೀಕ್ಷೇಲೇ..."

"ನೀನು ಪಾಸಾಗಿದ್ದೆ."

ಹುಡುಗಿಯ ಕೈ ದಾರ ಸುತ್ತುತ್ತಲೇ ಇತ್ತು. ಕಿವಿಗೆ ಬಿದ್ದದ್ದು ಕೈಗೆ ಇನ್ನೂ ತಲುಪಿರಲಿಲ್ಲ.

"ಏಳನೇ ಕ್ಲಾಸಲ್ಲಿ ಪಾಸಾಗಿದ್ದೆ. ಶಾಲೆಗೇ ಮೇಲೆ ಅಂದ ಟೆಂಗನ್. ನಾನೇ ಬೇಡ ಅಂದೆ. ಬ್ರಾನ್ಸನ್ ಪಾಸಾಗಿರ್ಲಿಲ್ಲ. ಅವನೊಬ್ಬನೇ ಹಿಂದೆ ಉಳೀತಾನೆ, ಹೊರಗಿನವನು ಅನ್ನಿಸುತ್ತೆ ಅಂತ ನಿನ್ನ ಅವನ ಜೊತೆ ಕೂರಿಸಿದೆ. ನೀನು ಅವನಿಗೆ ಹೇಳ್ಕೊಡ್ತೀಯ ಅಂತಾನೂ ಇತ್ತು. ನಾನೇ ಮಾಡಿದ್ದು. ಬೇರೆ ಯಾರೂ ಅಲ್ಲ."

ಕನೋಯೆ ದಾರ ಬಿಟ್ಟಳು. ಕಟ್ಟು ಬಿಚ್ಚಿಕೊಂಡು ಎಲೆಗಳು ಮೇಜಿನ ಮೇಲೆ ಹರಡಿದವು.

"ಎರಡು ವರ್ಷದಿಂದ ನಾನು ದಡ್ಡಿ ಅಂದ್ಕೊಂಡಿದ್ದೆ."

"ಗೊತ್ತು."

"ಡ್ಯಾಡಿಗೆ ಹಗ್ಗ ಹಿಡೀತೀನಿ ಅಂದೆ. ಪಕ್ಕದಲ್ಲೇ ಇದ್ದೆ ನೀನು."

"ಇದ್ದೆ."

ಹ್ಯಾಟಿ ಕ್ಷಮಿಸು ಎನ್ನಲಿಲ್ಲ. ಅದನ್ನು ಕೇಳುವ ಯೋಗ್ಯತೆಯೂ ತನಗಿಲ್ಲ ಎಂಬಂತೆ, ಮಾಂಸದ ಜಿಡ್ಡು ಹತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ಕೂತಿದ್ದಳು. ಅವಳ ಮೇಲಿನ ನನ್ನ ಸಿಟ್ಟೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ.

ಆಗ ಪಾತ್ರೆ ನೆಲಕ್ಕೆ ಇಟ್ಟ ಸದ್ದಾಯಿತು. ಬ್ರಾನ್ಸನ್ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಅಂದ್ರೆ ಅವಳಿಗೆ ನಾನು ಲಂಗರು" ಎಂದ. ನಗಿಸಲು ನೋಡಿದ, ನಮ್ಮಲ್ಲಿ ಯಾರೂ ನಗಲಿಲ್ಲ. "ಟೂಟೂ, ನಾನು ಲೆಕ್ಕದಲ್ಲಿ ದಡ್ಡ ಅಂತ ನಂಗೆ ಗೊತ್ತಿತ್ತು. ಅದಕ್ಕೇನೂ ಬೇಜಾರಿರ್ಲಿಲ್ಲ. ಅವಳು ಮೇಲಿನ ಕ್ಲಾಸಿಗೆ ಹೋಗಿದ್ರೆ ನಾನು ಶಾಲೆಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ, ನನ್ ಕಸಿನ್ ಅಂತ. ನಾನು ಹೊರಗಿನವನು ಅಂತ ನಂಗೆ ಒಂದು ದಿನಾನೂ ಅನ್ನಿಸಿರ್ಲಿಲ್ಲ. ಇವತ್ತು ಅನ್ನಿಸ್ತಿದೆ."

ಅಷ್ಟು ಹೇಳಿ ಸಮುದ್ರದ ಕಡೆ ನಡೆದುಬಿಟ್ಟ. ಹ್ಯಾಟಿ ಎದ್ದಳು, ಎರಡು ಹೆಜ್ಜೆ ಹೋದಳು, ನಿಂತಳು. ಹಿಂದೆ ಹೋಗಿ ಏನು ಹೇಳಬೇಕು? ಅವನು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು?

ಕನೋಯೆ ಹರಡಿದ ಎಲೆಗಳನ್ನು ಕೂಡಿಸಿಕೊಂಡು ಮತ್ತೆ ಸುತ್ತಲು ಶುರುಮಾಡಿದಳು. ನಾಳೆಗೆ ಕೊಡಬೇಕಾದ್ದು ಕೊಡಲೇಬೇಕಲ್ಲ. ಮೂವರೂ ಸೇರಿ ಇನ್ನೊಂದು ರಾಶಿ ಕಟ್ಟಿದೆವು. ಆಮೇಲೆ ಅವಳು ತಲೆ ಎತ್ತದೆ ಹೇಳಿದಳು.

"ಎರಡೂ ಗಣಿತ ತಗೋತೀನಿ. ನೀನು ಹೇಳಿದೆ ಅಂತ ಅಲ್ಲ."

"ಆಯ್ತು" ಎಂದಳು ಹ್ಯಾಟಿ.

"ನನ್ನ ಕೇಳಿದ್ರೆ ನಾನೇ ಹೂಂ ಅಂತಿದ್ದೆ ಟೂಟೂ. ಒಂದು ವರ್ಷ ಅವನ ಜೊತೆ ಕೂತ್ಕೋ, ಆಮೇಲೆ ಎರಡು ಗಣಿತ ಮಾಡಿ ಮುಂದಿನವರನ್ನ ಹಿಡ್ಕೋ ಅಂದಿದ್ರೆ ಕೂತ್ಕೋತಿದ್ದೆ. ಅವನು ನನ್ ತಮ್ಮ ಅಲ್ವಾ? ನಾನು ಕೊಡ್ತಿದ್ದೆ. ನೀನು ಕೊಡಕ್ಕೆ ಬಿಡ್ಲಿಲ್ಲ."

ಹ್ಯಾಟಿಯ ಮುಖ ನೋಡಲಾಗದೆ ನಾನು ಒಲೆಯ ಕಡೆ ತಿರುಗಿದೆ. ಅವಳು ಕದ್ದದ್ದು ಒಂದು ವರ್ಷದ ಬೀಜಗಣಿತ ಮಾತ್ರ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ಹುಡುಗಿಯ ಒಳ್ಳೆಯತನವನ್ನೂ ಅವಳಿಂದ ಕಿತ್ತುಕೊಂಡು, ಅದರ ಜಾಗದಲ್ಲಿ ದಡ್ಡತನ ಇಟ್ಟಿದ್ದಳು. ಹ್ಯಾಟಿಗೂ ಅದು ಹೊಳೆದದ್ದು ಆಗಲೇ ಇರಬೇಕು. ಕೈಯೆಲ್ಲ ಜಿಡ್ಡಾದವಳು ಮುಖಕ್ಕೆ ಮೊಣಕೈ ಅಡ್ಡ ಹಿಡಿದು ಅತ್ತಳು. ಕನೋಯೆ ಸಮಾಧಾನ ಮಾಡಲಿಲ್ಲ. ಮಾಡಬೇಕಿತ್ತು ಎಂದು ನಾನೂ ಹೇಳುವುದಿಲ್ಲ.

ಕತ್ತಲಾಗುವ ಮುಂಚೆ ಬ್ರಾನ್ಸನ್ ವಾಪಸು ಬಂದ. ಎಷ್ಟು ನೊಂದರೂ ಆ ಹುಡುಗನ ಹೊಟ್ಟೆ ಹೊತ್ತಿಗೆ ಸರಿಯಾಗಿ ಕರೆಯುತ್ತದೆ. ಲೌಲೌ ಇನ್ನೂ ಬೇಯುತ್ತಿತ್ತು. ಮಧ್ಯಾಹ್ನದ ಅನ್ನಕ್ಕೆ ಸ್ಪ್ಯಾಮ್ ಎಂಬ ಡಬ್ಬಿ ಮಾಂಸ ಹುರಿದು ಹಾಕಿಕೊಂಡು, ಹ್ಯಾಟಿಗೆ ಬೆನ್ನು ಮಾಡಿ ಮೇಜಿನ ತುದಿಯಲ್ಲಿ ತಿನ್ನಲು ಕೂತ. ಹ್ಯಾಟಿ ಹಬೆ ಪಾತ್ರೆಯ ಹತ್ತಿರ ನಿಂತಿದ್ದಳು, ಮುಚ್ಚಳ ಕೈಯಲ್ಲೇ ಇತ್ತು. ಕನೋಯೆ ಹೋಗಿ ಅವನ ಎದುರು ಕೂತಳು.

"ಬ್ರಾನ್ಸನ್, ಮುಂದಿನ ವರ್ಷ ರೇಖಾಗಣಿತ ಇಬ್ರಿಗೂ ಇದೆ. ಒಂದೇ ಕ್ಲಾಸಲ್ಲಿ ಇರೋಣ್ವಾ, ಬೇರೆ ಬೇರೆ ಬರೆಸೋಣ್ವಾ? ನೀನೇ ಹೇಳು."

ಅವನು ಅಗಿಯುತ್ತಾ ಯೋಚಿಸಿದ.

"ಬೇರೆ."

"ಸರಿ."

"ಅರ್ಥ ಆಗ್ದಿದ್ರೆ ಮನೇಲಿ ನಿನ್ನ ಕೇಳ್ತೀನಿ."

"ಕೇಳು. ಟೈಮ್ ಇದ್ರೆ ಹೇಳ್ಕೊಡ್ತೀನಿ. ಎರಡು ಗಣಿತ ಇರುತ್ತೆ ನಂಗೆ, ಟೈಮ್ ಇಲ್ದಿದ್ರೆ ಇಲ್ಲ ಅಂತೀನಿ."

"ಅನ್ನು. ನಾನೇನು ಅಳ್ತೀನಾ?" ಎಂದು ಅವನು ತಟ್ಟೆಯಿಂದ ಒಂದು ತುಂಡು ಎತ್ತಿ ಅವಳ ಕಡೆ ಚಾಚಿದ. ಅವಳು ತೆಗೆದುಕೊಂಡು ತಿಂದಳು.

ಅಷ್ಟೇ. ಬಾಯಲ್ಲಿದ್ದ ತುತ್ತು ನುಂಗುವುದರೊಳಗೆ ಮುಗಿದುಹೋಗಿತ್ತು. ಹ್ಯಾಟಿ ನನ್ನ ಪಕ್ಕಕ್ಕೆ ಬಂದು, ಅವರಿಗೆ ಕೇಳಿಸದ ಹಾಗೆ ಹೇಳಿದಳು.

"ಅವತ್ತೂ ಇಷ್ಟೇ ಮಾತು ಸಾಕಾಗಿತ್ತಾ ಲೋರ್ನಾ?"

ಇಲ್ಲ, ಮಕ್ಕಳು ಆಗ ಚಿಕ್ಕವರಿದ್ದರು, ಆಗಿನ ಮಾತು ಬೇರೆ ಎಂದು ಹೇಳಿದ್ದರೆ ಅವಳಿಗೆ ಆ ಹೊತ್ತಿಗೆ ಒಂದಿಷ್ಟು ಆಧಾರವಾಗುತ್ತಿತ್ತು. ಅವಳು ಅದನ್ನೇ ಬಯಸಿ ನನ್ನ ಮುಖ ನೋಡುತ್ತಿದ್ದಳು.

"ಹೂಂ ಕಣೇ" ಎಂದೆ. "ಇಷ್ಟೇ ಸಾಕಾಗಿತ್ತು."